ಅಂಚಿನ ಲಾಳಿ ಬಿಟ್ಟು ಹೋದವಳಿಗೆ

ಮೊಳಕಾಲ್ಮುರು
20 ಜನವರಿ 2025

ಶ್ರೀವಾಣಿ,

ಕಾಗದವನ್ನು ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಶುರು ಮಾಡಬೇಕಂತೆ. ಇಲ್ಲಿ ಯಾರೂ ಕ್ಷೇಮವಾಗಿಲ್ಲ. ನಿನ್ನ ಕ್ಷೇಮ ನನಗೆ ಬೇಕಾಗಿಯೂ ಇಲ್ಲ. ನನ್ನ ನಂಬರು ಬ್ಲಾಕ್ ಮಾಡಿದ್ದೀಯ. ನಿನ್ನ ಗಂಡನ ಫೋನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀಯ. ಅದಕ್ಕೇ ಈ ಕಾಗದ. ನಮ್ಮಿಬ್ಬರಿಗೂ ಬೈಯಲು ಬರುವುದು ತೆಲುಗು, ಬರೆಯಲು ಬರುವುದು ಕನ್ನಡ. ಬೈಗುಳ ಕಮ್ಮಿ ಇದೆ ಅನ್ನಿಸಿದರೆ ನಾನು ತಣ್ಣಗಾದೆ ಅಂದುಕೊಳ್ಳಬೇಡ.

ಮಗ್ಗದ ಮೇಲೆ ಅರ್ಧ ಸೀರೆ ನಿಂತಿದೆ. ಹಸಿರು ಒಡಲು, ಕೆಂಪು ಅಂಚು. ಒಡಲಿನ ಲಾಳಿ ನನ್ನದು, ಎಡಗಡೆ ಅಂಚಿನ ಲಾಳಿ ನಿನ್ನದು. ಈ ಮಗ್ಗ ಒಂಟಿ ಕೈಗೆ ಆಡುವುದಿಲ್ಲ ಅಂತ ಗೊತ್ತಿದ್ದೂ ಎದ್ದು ಹೋದೆ. ಯಾವ ಜೋಡಿ ಶುರು ಮಾಡಿತೋ ಅದೇ ಜೋಡಿ ಮುಗಿಸಬೇಕು ಎನ್ನುವುದು ನಮ್ಮತ್ತೆ ಹಾಕಿ ಹೋದ ಕಟ್ಟಳೆ. ಇಬ್ಬರ ಕೈ ಎಳೆತ ಬೇರೆಯಾದರೆ ಅಂಚು ಸೊಟ್ಟಗಾಗುತ್ತದೆ. ಈ ಮನೆಯ ಹಿರಿ ಸೊಸೆ ಅಂತ ಅದನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದೆ. ಕಿರಿ ಸೊಸೆ ನೀನು ಏನು ಕಾಪಾಡಿದೆ?

ನಿನ್ನ ಸುಳ್ಳನ್ನು ಮರೆಯುವುದಿಲ್ಲ. ದೀಪಾವಳಿ ಆದಾಗಿನಿಂದ ಪ್ರತಿ ಭಾನುವಾರ ಮಂಡಿನೋವಿಗೆ ಚಳ್ಳಕೆರೆ ಡಾಕ್ಟರು ಅಂದೆ. ನಾನು ಎಣ್ಣೆ ಕಾಸಿ ನಿನ್ನ ಮಂಡಿಗೆ ತಿಕ್ಕಿದೆ. ಆ ಮಂಡಿ ಓಡುತ್ತಿದ್ದದ್ದು ಯೂನಿವರ್ಸಿಟಿಯವರು ಅಲ್ಲಿ ನಡೆಸುವ ಪಾಠಕ್ಕೆ ಅಂತ ನೀನು ಮನೆ ಬಿಟ್ಟ ಭಾನುವಾರ ಬೆಳಿಗ್ಗೆ ನಿನ್ನ ಗಂಡನ ಬಾಯಿಂದ ಗೊತ್ತಾಯಿತು. ಹೋಗಲಿ, ಡಿಗ್ರಿಗೋ ಅಂದರೆ ಡಿಗ್ರಿಯೂ ಅಲ್ಲವಂತೆ. ಪರೀಕ್ಷೆ ಇಲ್ಲ, ಮಾರ್ಕ್ಸ್ ಕಾರ್ಡ್ ಇಲ್ಲ. ಒಂದೇ ಒಂದು ವಿಷಯಕ್ಕೆ ಹೆಸರು ಕೊಟ್ಟು, ಕೂತು ಕೇಳಿಸಿಕೊಂಡು ಎದ್ದು ಬರುವುದಂತೆ. ನೌಕರಿಗೆ ಓದುತ್ತಿದ್ದಾಳೆ ಅಂದರೆ ಬೀದಿಯವರ ಬಾಯಿ ಮುಚ್ಚಿಸಬಹುದಿತ್ತು. ಯಾತಕ್ಕೂ ಅಲ್ಲದ ಓದಿಗೆ ಏನು ಹೇಳಲಿ?

ಶನಿವಾರದೊಳಗೆ ಬಂದು ನಿನ್ನ ಜಾಗದಲ್ಲಿ ಕೂತುಕೋ. ಬರದಿದ್ದರೆ ಆ ಜಾಗ ನಿನಗಿಲ್ಲ.

ರೇಣುಕಮ್ಮ


ಚಳ್ಳಕೆರೆ
29 ಜನವರಿ 2025

ರೇಣುಕಮ್ಮನವರಿಗೆ,

ಮದುವೆಯಾಗಿ ಬಂದ ದಿನದಿಂದ ‘ಅಕ್ಕಾ, ನೀನು’ ಅಂದೆ. ಇನ್ನು ಮೇಲೆ ನೀವು. ಹೊರಗಿನವರನ್ನು ಬಹುವಚನದಲ್ಲಿ ಮಾತಾಡಿಸಬೇಕು ಅಂತ ನಮ್ಮವ್ವ ಕಲಿಸಿದ್ದಾಳೆ.

ಹೌದು, ಸುಳ್ಳು ಹೇಳಿದೆ. ನಿಜ ಹೇಳಿದ್ದರೆ ಬಿಡುತ್ತಿದ್ದಿರಾ? ನಮ್ಮ ಮನೆಯಲ್ಲಿ ಹೆಂಗಸು ಮಗ್ಗ ಬಿಟ್ಟು ಏಳಬೇಕಾದರೆ ಒಂದೋ ಹೆರಬೇಕು, ಇಲ್ಲ ಕಾಯಿಲೆ ಬೀಳಬೇಕು. ಹೆರುವುದು ನನ್ನ ಮಗಳು ಸ್ವಪ್ನಳಿಗೇ ಮುಗಿಯಿತು. ಅವಳು ನರ್ಸಿಂಗ್ ಓದಲು ದಾವಣಗೆರೆ ಹಾಸ್ಟೆಲ್ ಸೇರಿ ವರ್ಷವಾಯಿತು. ನನಗೆ ಉಳಿದಿದ್ದದ್ದು ಕಾಯಿಲೆ ಒಂದೇ. ಅದನ್ನು ಉಪಯೋಗಿಸಿಕೊಂಡೆ.

ನನ್ನ ಸುಳ್ಳಿನ ಮಾತಾಡುವ ನೀವು ನಿಮ್ಮದನ್ನು ಯಾಕೆ ಬರೆಯಲಿಲ್ಲ? ಸಂಕ್ರಾಂತಿ ಹಿಂದಿನ ಭಾನುವಾರ ನಾನು ಸಂಜೆ ಬಸ್ಸಿಗೇ ಬಂದೆ. ಗಂಡಸರಿಬ್ಬರೂ ರಾಯದುರ್ಗಕ್ಕೆ ಹೋಗಿದ್ದರು. ಒಳಚಿಲಕ ಹಾಕಿತ್ತು. ಬಾಗಿಲು ಬಡಿದೆ, ಕೂಗಿದೆ, ಎದುರು ಮನೆ ಸೂರಮ್ಮ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತ ನಿಂತಳು. ನೀವು ತೆಗೆಯಲಿಲ್ಲ. ಆಮೇಲೆ ನನ್ನ ಗಂಡನ ಹತ್ತಿರ ‘ಮಗ್ಗದ ಸದ್ದಿಗೆ ಕೇಳಿಸಲಿಲ್ಲ’ ಅಂದಿರಂತೆ. ಒಂಟಿ ಕೈಗೆ ಆಡದ ಮಗ್ಗ ಅಂತ ನೀವೇ ಬರೆದಿದ್ದೀರಿ. ನಾನು ಬೀದಿಯಲ್ಲಿ ನಿಂತಿರುವಾಗ ಒಳಗೆ ಸದ್ದು ಮಾಡಿದ ಮಗ್ಗ ಯಾವುದು?

ಅದೇ ಬಸ್ಸು ಹಿಂದಿರುಗುವಾಗ ಹತ್ತಿ ಚಳ್ಳಕೆರೆಗೆ ಬಂದೆ. ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ದ್ಯಾಮಮ್ಮ ಎನ್ನುವ ಅಜ್ಜಿಯ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಸೀರೆ ಅಂಗಡಿಯವರಿಗೆ ಸೆರಗಿನ ಕುಚ್ಚು ಕಟ್ಟಿಕೊಡುತ್ತೇನೆ. ಬಟ್ಟೆಗೆಲ್ಲ ಶೇಂಗಾ ಹಿಂಡಿಯ ವಾಸನೆ. ಬಾಗಿಲು ಮಾತ್ರ ತಟ್ಟಿದರೆ ತೆಗೆಯುತ್ತಾರೆ.

ಶ್ರೀವಾಣಿ


ಮೊಳಕಾಲ್ಮುರು
10 ಫೆಬ್ರವರಿ 2025

ಶ್ರೀವಾಣಿ,

ಚಿಲಕ ನಾನೇ ಹಾಕಿದ್ದು, ಬೇಕಂತಲೇ ಹಾಕಿದ್ದು. ಸಾಕಾ? ಮಂಡಿನೋವು ಅಂತ ನನ್ನ ಕೈಲಿ ಕಾಲು ತಿಕ್ಕಿಸಿಕೊಂಡವಳನ್ನು ಒಂದು ಗಳಿಗೆ ಬೀದಿಯಲ್ಲಿ ನಿಲ್ಲಿಸಬೇಕು ಅನ್ನಿಸಿತು, ನಿಲ್ಲಿಸಿದೆ. ತೆಗೆಯುವ ಹೊತ್ತಿಗೆ ನೀನೇ ಇರಲಿಲ್ಲ. ಅಷ್ಟು ಬೇಗ ಬಸ್ಸು ಹತ್ತಿದೆ ಅಂದರೆ ನಿನ್ನ ಮನಸ್ಸು ಮೊದಲೇ ಹತ್ತಿ ಕೂತಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು, ಮನೆ ಬಿಡುವವಳಿಗೆ ಚಿಲಕ ನೆಪ.

ನೀನು ಓದುವ ಸಮಾಜಶಾಸ್ತ್ರ ಅಂದರೆ ಏನು ಅಂತ ನಿನ್ನ ಗಂಡ ಸಾಯಿಕುಮಾರನನ್ನು ಕೇಳಿದೆ. “ಜನ ಹೆಂಗೆ ಕೂಡಿ ಬಾಳ್ತಾರೆ ಅಂಬೋದು ಅತ್ತಿಗೆ” ಅಂದ. ನಗು ಬಂತು. ಕೂಡಿ ಬಾಳುತ್ತಿದ್ದವರನ್ನು ಬಿಟ್ಟು ಹೋಗಿ ಕೂಡಿ ಬಾಳುವುದನ್ನು ಕಲಿಯುತ್ತಿದ್ದೀಯ. ಊರಿಗೆ ಉಪಕಾರಿ, ಮನೆಗೆ ಮಾರಿ.

ಮಗ್ಗದಲ್ಲಿ ನಿನ್ನ ಜಾಗಕ್ಕೆ ಬಂದು ಕೂರಲು ಸೂರಮ್ಮನಿಗೆ ಹೇಳಿ ಕಳಿಸಿದ್ದೇನೆ. ಅವಳ ಕೈ ನಿನ್ನಷ್ಟು ಚುರುಕಲ್ಲ. ಆದರೆ ಅವಳಿಗೆ ಯಾವ ಯೂನಿವರ್ಸಿಟಿಯೂ ಇಲ್ಲ.

ಒಂದು ಮಾತು ತಿಳಿದಿರಲಿ. ಚಳ್ಳಕೆರೆ ನನಗೂ ಗೊತ್ತಿರುವ ಊರು. ಬಂದು ನಿನ್ನ ಮೇಷ್ಟ್ರ ಎದುರಲ್ಲೇ ನಿನ್ನ ಹೆಸರು ತೆಗೆಸುತ್ತೇನೆ. ನೋಡುತ್ತಿರು.

ರೇಣುಕಮ್ಮ


ಚಳ್ಳಕೆರೆ
17 ಫೆಬ್ರವರಿ 2025

ರೇಣುಕಮ್ಮನವರಿಗೆ,

ದ್ಯಾಮಮ್ಮನ ಮನೆಗೆ ಬನ್ನಿ, ಬೀದಿಯಲ್ಲಿ ನಿಂತು ಬೈಯಿರಿ, ಕುಚ್ಚಿನ ಅಂಗಡಿಗೆ ಬಂದು ಬೈಯಿರಿ. ಪಾಠದ ಕೋಣೆಗೆ ಬರಬೇಡಿ. ಬೇಡಿಕೊಂಡು ಹೇಳುತ್ತಿಲ್ಲ, ಎಚ್ಚರಿಕೆ ಕೊಟ್ಟು ಹೇಳುತ್ತಿದ್ದೇನೆ. ನಾನು ಯಾರ ಸೊಸೆ, ಯಾರ ಓರಗಿತ್ತಿ, ಯಾರ ಮಗ್ಗದವಳು ಅಂತ ಯಾರೂ ಕೇಳದ ಒಂದೇ ಜಾಗ ಅದು. ಅಲ್ಲಿಗೆ ನಿಮ್ಮ ನೆರಳು ಬಿದ್ದರೆ ನಾನು ಮತ್ತೆ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ.

ಶ್ರೀವಾಣಿ


ಮೊಳಕಾಲ್ಮುರು
4 ಮಾರ್ಚ್ 2025

ಶ್ರೀವಾಣಿ,

ಬಂದಿದ್ದೆ. ನಿನಗೆ ಗೊತ್ತಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಭಾನುವಾರ ಬೆಳಗಿನ ಪ್ರೈವೇಟ್ ಬಸ್ಸಿಗೆ ಹೊರಟು ಬಂದೆ. ಆ ಕಟ್ಟಡದ ಬಾಗಿಲಲ್ಲಿ ಅಟೆಂಡರ್ ಕೂತಿದ್ದ, ಮರುಳಪ್ಪ ಅಂತ. ಅವನಿಗೆ ಎಲ್ಲ ಹೇಳಿದೆ. ಇವಳು ಸುಳ್ಳು ಹೇಳಿ ಮನೆ ಬಿಟ್ಟು ಬಂದವಳು, ಇವಳ ಹೆಸರು ಹೊಡೆದು ಹಾಕಪ್ಪ ಅಂದೆ. ಅವನು ಎಲೆಅಡಿಕೆ ಉಗಿದು ಬಂದು ಸಮಾಧಾನವಾಗಿ ಹೇಳಿದ: “ಇವರಿಗೆ ಪಾಸೂ ಇಲ್ಲ, ಫೇಲೂ ಇಲ್ಲ. ಏನಂತ ಹೊಡೆದು ಹಾಕ್ಲಿ ಅಮ್ಮ? ಬಿಸ್ಲಾಗೆ ಬಂದೀರಿ, ಒಳಕ್ಕೋಗಿ ಫ್ಯಾನಿನ ಕೆಳಗೆ ಕೂತ್ಕಳ್ರಿ.” ನಿನ್ನ ಓದಿನಲ್ಲಿ ಕಿತ್ತುಕೊಳ್ಳುವಂಥದ್ದು ಏನೂ ಇಲ್ಲವಲ್ಲ ಅಂತ ನನಗೆ ಮೈಯೆಲ್ಲ ಉರಿಯಿತು. ಏನೂ ಇಲ್ಲದವಳ ಜೊತೆ ಜಗಳ ಆಡುವುದು ಹೇಗೆ?

ಒಳಗೆ ಹೋದೆ. ಮೇಷ್ಟ್ರ ಎದುರು ರಂಪ ಮಾಡುವುದು ಅಂತಲೇ ಹೋದೆ. ಆ ಗೋವರ್ಧನ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದ್ದವರು ನನ್ನನ್ನು ನೋಡಿ, ಲೇಟಾಯ್ತು ಅಂತ ಸಂಕೋಚ ಬೇಡ, ಕೂತುಕೊಳ್ಳಿ ಅಂದರು. ನನ್ನ ವಯಸ್ಸಿನವರೂ ನಾಲ್ಕಾರು ಜನ ಇದ್ದರು. ನಾನು ಹಿಂದೆ ಕಂಬದ ಮರೆಯಲ್ಲಿ ಕೂತೆ. ಎದ್ದು ಕೂಗಬೇಕು, ಈಗ ಕೂಗಬೇಕು ಅನ್ನುವಷ್ಟರಲ್ಲಿ ನೀನು ಕೈ ಎತ್ತಿದೆ.

ನೀನು ಕೇಳಿದ್ದು ಮಾತು ಮಾತೂ ನೆನಪಿದೆ. “ಸಾರ್, ಒಂದೇ ಒಲೆ ಅನ್ನ ತಿಂತಾರೆ, ಒಂದೇ ಹಲಗೆ ಮ್ಯಾಲೆ ಕೂತು ಕೆಲ್ಸ ಮಾಡ್ತಾರೆ, ಆದ್ರೆ ಒಬ್ರ ಮನ್ಸು ಒಬ್ರಿಗೆ ಗೊತ್ತಿಲ್ಲ. ಅದು ಒಂದು ಮನೆಯೋ, ಎರಡೋ?” ಎಲ್ಲರೂ ನಿನ್ನನ್ನು ನೋಡಿದರು. ಮೇಷ್ಟ್ರು ನಕ್ಕು ಹೇಳಿದರು: “ಜನಗಣತಿ ಲೆಕ್ಕದಾಗೆ ಒಲೆ ಒಂದಾದ್ರೆ ಮನೆ ಒಂದು ಕಣಮ್ಮ. ಮನಸ್ಸು ಯಾರೂ ಎಣಿಸಲ್ಲ.”

ನನ್ನ ಸಂಸಾರವನ್ನು ನೀನು ನಾಲ್ಕು ಜನರ ಮುಂದೆ ಹರವಿದೆ. ಅದಕ್ಕೆ ನಿನ್ನ ನಾಲಿಗೆ ಸೀಳಬೇಕು ಅನ್ನಿಸಿತು. ಆದರೆ ಅದಕ್ಕಿಂತ ಹೆಚ್ಚಿಗೆ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಇಪ್ಪತ್ತು ವರ್ಷ ನನ್ನ ಎಡಗಡೆ ಕೂತೆ. ಒಂದು ದಿನ ನನ್ನನ್ನು ಒಂದು ಪ್ರಶ್ನೆ ಕೇಳಿದವಳಲ್ಲ. ನಿನ್ನೆ ಮೊನ್ನೆ ಕಂಡ ಗಂಡಸನ್ನು ಕೇಳಿದೆ. ನನ್ನನ್ನು ಕೇಳಿದ್ದರೆ ನಾನೇನು ಹೇಳುತ್ತಿರಲಿಲ್ಲವಾ?

ಪಾಠ ಮುಗಿದ ಮೇಲೆ ಹಿಂಬಾಗಿಲಿನಿಂದ ಹೊರಟೆ.

ರೇಣುಕಮ್ಮ


ಚಳ್ಳಕೆರೆ
12 ಮಾರ್ಚ್ 2025

ರೇಣುಕಮ್ಮನವರಿಗೆ,

ಬರಬೇಡಿ ಅಂದಿದ್ದೆ, ಬಂದಿರಿ. ಕಂಬದ ಮರೆಯಲ್ಲಿ ಕೂತು ಕೇಳಿಸಿಕೊಂಡಿರಿ. ಇನ್ನು ಆ ಕೋಣೆಯಲ್ಲಿ ಕೈ ಎತ್ತುವ ಮೊದಲು ಹಿಂದೆ ತಿರುಗಿ ನೋಡಬೇಕು. ಹಾಗೆ ಮಾಡಿಟ್ಟಿರಿ. ಹೆಸರು ತೆಗೆಸಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಿಮ್ಮನ್ನು ಪ್ರಶ್ನೆ ಕೇಳಲಿಲ್ಲ ಅನ್ನುತ್ತೀರಿ. ಯಾವಾಗ ಕೇಳಬೇಕಿತ್ತು? ಮಗ್ಗದ ಮೇಲೆ ನೀವು ನನಗೆ ಹೇಳುತ್ತಿದ್ದದ್ದು ಒಂದೇ ಮಾತು, ‘ವೇಯ್’. ಹಾಕು, ಎಸೆ, ಲಾಳಿ ಬಿಡು. ಬೆಳಗಿಂದ ಸಂಜೆವರೆಗೆ ವೇಯ್, ವೇಯ್. ಅದಕ್ಕೆ ಉತ್ತರ ಕೈ ಕೊಡಬೇಕು, ಬಾಯಿಗೆ ಅಲ್ಲಿ ಕೆಲಸವಿಲ್ಲ. ನಾವು ಪಕ್ಕ ಪಕ್ಕ ಕೂತವರು. ನಿಮ್ಮ ಎಡಗೈ, ನಿಮ್ಮ ಬಳೆ, ನಿಮ್ಮ ಸೆರಗು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಕೆಲಸ ಮಾಡುವಾಗ ನಿಮ್ಮ ಮುಖ ಹೇಗಿರುತ್ತದೆ ಅಂತ ನಾನು ನೋಡಿಲ್ಲ.

ಸ್ವಪ್ನಳನ್ನು ಬೆಳೆಸಿದ್ದು ನೀವು ಅಂತ ಎಲ್ಲರಿಗೂ ಹೇಳುತ್ತೀರಿ, ಅದು ನಿಜ. ಮಕ್ಕಳಿಲ್ಲದ ನೀವು ಅವಳನ್ನು ಎತ್ತಿಕೊಂಡಿರಿ, ಅವಳು ಅತ್ತಾಗ ನನ್ನನ್ನು ಮಗ್ಗದಿಂದ ಏಳಲು ಬಿಡದೆ ನೀವೇ ಎದ್ದಿರಿ. ಅದನ್ನು ಪ್ರೀತಿ ಅಂತ ಬೀದಿ ಹೇಳುತ್ತದೆ. ನನಗೆ ಅದು ಏನು ಅಂತ ಇವತ್ತಿಗೂ ಗೊತ್ತಿಲ್ಲ. ಇಂಥವನ್ನು ಯಾರನ್ನಾದರೂ ಕೇಳಬೇಕು ಅಂತಲೇ ಆ ಪಾಠಕ್ಕೆ ಹೆಸರು ಕೊಟ್ಟೆ. ಡಿಗ್ರಿ ತಗೊಂಡು ಏನು ಮಾಡಲಿ?

ಈಗ ಒಂದು ಪ್ರಶ್ನೆ ನಿಮ್ಮನ್ನೇ ಕೇಳುತ್ತೇನೆ. ರಂಪ ಮಾಡಲು ಬಂದವರು ಪಾಠ ಮುಗಿಯುವ ತನಕ ಯಾಕೆ ಕೂತಿದ್ದಿರಿ?

ಶ್ರೀವಾಣಿ


ಮೊಳಕಾಲ್ಮುರು
2 ಏಪ್ರಿಲ್ 2025

ಶ್ರೀವಾಣಿ,

ನಿನ್ನ ಪ್ರಶ್ನೆಗೆ ಉತ್ತರ ಕೊಡುವ ದರ್ದು ನನಗಿಲ್ಲ.

ನಿನ್ನ ಮೇಷ್ಟ್ರು ಹೇಳಿದಂತೆ ಮಾಡಿದ್ದೇನೆ. ಯುಗಾದಿ ದಿನ ಒಲೆ ಬೇರೆ ಮಾಡಿದೆ. ಹಿಂದಿನ ಪಡಸಾಲೆಯಲ್ಲಿ ಬೇಯಿಸಿಕೋ ಅಂತ ನಿನ್ನ ಗಂಡನಿಗೆ ಸ್ಟೌ, ಸಿಲಿಂಡರು, ನಾಲ್ಕು ಪಾತ್ರೆ ತೆಗೆದುಕೊಟ್ಟೆ. ನಮ್ಮ ಯಜಮಾನರು ಹಬ್ಬದ ದಿನ ಇದೇನು ಅಪಶಕುನ ಅಂತ ಹೋಳಿಗೆ ಮುಟ್ಟದೆ ಎದ್ದು ಹೋದರು. ಸಾಯಿಕುಮಾರ ಮಾತ್ರ ಸ್ಟೌ ಹೊತ್ತುಕೊಂಡು ಹೋದ. ಗಂಡ ಹೆಂಡತಿ ಇಬ್ಬರದ್ದೂ ಒಂದೇ ಜಾತಕ.

ಮಗ್ಗದ ಮೇಲಿದ್ದ ಅರ್ಧ ಸೀರೆಯನ್ನೂ ಕತ್ತರಿಸಿ ತೆಗೆದೆ. ಅತ್ತೆ ಇದ್ದಿದ್ದರೆ ನನ್ನ ಕೈ ಕತ್ತರಿಸುತ್ತಿದ್ದಳು. ಹೊಸ ನೂಲಿನ ಹಾಸು ಏರಿಸಿ ಸೂರಮ್ಮನನ್ನು ಕೂರಿಸಿದ್ದೇನೆ. ಒಂದು ಮನೆಯೋ, ಎರಡೋ ಅಂತ ಇನ್ನು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಮನೆ ಈಗ ಎರಡು.

ರೇಣುಕಮ್ಮ


ಚಳ್ಳಕೆರೆ
26 ಮೇ 2025

ರೇಣುಕಮ್ಮನವರಿಗೆ,

ನಿಮ್ಮ ಕಾಗದ ಓದಿ ಬಹಳ ದಿನ ಬರೆಯಲಿಲ್ಲ. ಬರೆದದ್ದನ್ನು ಹರಿದೆ.

ಪಾಠದಲ್ಲಿ ನಾನು ಒಂದು ಮಾತು ಕೇಳಿದೆ, ಮೇಷ್ಟ್ರು ಒಂದು ಮಾತು ಹೇಳಿದರು. ಅದನ್ನು ತಗೊಂಡು ಹೋಗಿ ಹಬ್ಬದ ದಿನ ಮನೆ ಒಡೆಯುವವರು ಈ ಭೂಮಿ ಮೇಲೆ ನೀವೊಬ್ಬರೇ. ಗೋವರ್ಧನ ಮೇಷ್ಟ್ರಿಗೆ ಹೇಳಿದರೆ ಪಾಪ, ಪಾಠ ಮಾಡುವುದನ್ನೇ ಬಿಟ್ಟಾರು. ಸೀರೆ ಕತ್ತರಿಸಿದ್ದನ್ನು ಓದಿ ಅತ್ತುಬಿಟ್ಟೆ. ಆ ಕೆಂಪು ಅಂಚು ನನ್ನ ಕೈಯದು. ನಿಮ್ಮ ಮೇಲಿನ ಹಳೆಯ ಸಿಟ್ಟೇ ಇನ್ನೂ ಬಾಕಿ ಇರುವಾಗ ನನ್ನ ಕೈಕೆಲಸವನ್ನು ಕತ್ತರಿಸಿದಿರಿ.

ಮೊದಲನೇ ಭಾಗ ಮುಗಿಯಿತು. ‘ತರಗತಿಗಳಿಗೆ ಹಾಜರಾಗಿದ್ದರು’ ಅಂತ ಒಂದು ಹಾಳೆ ಕೊಟ್ಟರು. ದ್ಯಾಮಮ್ಮ ಅದನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದಳು. ನಾನು ಬೇಡ ಅಂದರೂ ಕೇಳಲಿಲ್ಲ. ಜುಲೈಯಲ್ಲಿ ಎರಡನೇ ಭಾಗ ಶುರುವಾಗುತ್ತದೆ. ಅದಕ್ಕೂ ಹೆಸರು ಕೊಟ್ಟಿದ್ದೇನೆ.

ನಾನು ಮಗ್ಗಕ್ಕೆ ವಾಪಸ್ ಬರುವುದಿಲ್ಲ. ಸೂರಮ್ಮ ಅಲ್ಲೇ ಇರಲಿ. ನನ್ನ ಗಂಡ ಮುಂದಿನ ತಿಂಗಳು ಇಲ್ಲಿಗೇ ಬರುತ್ತಾರೋ, ಅಲ್ಲೇ ಪಡಸಾಲೆಯಲ್ಲಿ ಬೇಯಿಸಿಕೊಂಡಿರುತ್ತಾರೋ ಅವರಿಷ್ಟ. ನೀವು ಎರಡು ಅಂದಿರಿ, ನಾನು ಒಪ್ಪಿದ್ದೇನೆ. ಇನ್ನು ಬರೆಯಬೇಡಿ.

ಶ್ರೀವಾಣಿ


ಮೊಳಕಾಲ್ಮುರು
3 ಜುಲೈ 2025

ಶ್ರೀವಾಣಿ,

ಬರೆಯಬೇಡ ಅಂದರೆ ಬಿಡುವವಳಲ್ಲ ನಾನು. ಆದರೂ ಇದೇ ಕೊನೆಯದು. ಇನ್ನು ಮೇಲೆ ಕಾಗದದ ಅಗತ್ಯ ಬೀಳುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ಸೂರಮ್ಮ ಕೆಲಸ ಮಾಡುತ್ತಾಳೆ, ದೂರುವಂಥದ್ದೇನಿಲ್ಲ. ಭಾನುವಾರ ಮಾತ್ರ ಅವಳು ಬರುವುದಿಲ್ಲ. ಆ ದಿನ ಮಗ್ಗ ಸುಮ್ಮನಿರುತ್ತದೆ, ಮನೆಯಲ್ಲಿ ನಾನೊಬ್ಬಳೇ ಓಡಾಡುತ್ತೇನೆ. ನಮ್ಮ ಯಜಮಾನರು ನನ್ನ ಜೊತೆ ಹೂಂ, ಉಹೂಂ ಬಿಟ್ಟು ಮಾತಾಡುವುದಿಲ್ಲ.

ಒಲೆ ಬೇರೆ ಮಾಡಿದೆ ಅಂತ ಬರೆದೆನಲ್ಲ. ಇವತ್ತಿಗೂ ಅಕ್ಕಿ ಅಳೆಯುವಾಗ ನನ್ನ ಕೈ ನಾಲ್ಕು ಜನಕ್ಕೆ ಅಳೆಯುತ್ತದೆ. ಎಚ್ಚರ ಮಾಡಿಕೊಂಡು ಎರಡು ಪಾವು ಸಾಕು, ಎರಡು ಸಾಕು ಅಂತ ಬಾಯಲ್ಲಿ ಹೇಳಿಕೊಂಡರೂ ಕೈ ಕೇಳುವುದಿಲ್ಲ. ಒಂದು ಪಾಲನ್ನು ಪಡಸಾಲೆ ಬಾಗಿಲಿಗೆ ಇಡುತ್ತೇನೆ, ಸಾಯಿಕುಮಾರ ತಿಂದು ತಟ್ಟೆ ತೊಳೆದಿಡುತ್ತಾನೆ. ಅವನ ಸ್ಟೌ ಒಂದು ದಿನವೂ ಹತ್ತಿಲ್ಲ. ಇನ್ನೊಂದು ಪಾಲು ಹಾಗೇ ಉಳಿಯುತ್ತದೆ. ಮಾರನೇ ಬೆಳಿಗ್ಗೆ ಅದನ್ನು ಚಿತ್ರಾನ್ನ ಮಾಡಿಕೊಂಡು ನಾನೇ ತಿನ್ನುತ್ತೇನೆ. ತಿನ್ನುವಾಗ ನಿನ್ನನ್ನು ಬೈಯುತ್ತಲೇ ತಿನ್ನುತ್ತೇನೆ.

ಇದನ್ನು ಆ ಮೇಷ್ಟ್ರನ್ನು ಕೇಳಬೇಕು ಅನ್ನಿಸಿತು. ಮೊನ್ನೆ ಮಂಗಳವಾರ ಚಳ್ಳಕೆರೆಗೆ ಹೋಗಿ ಮರುಳಪ್ಪನ ಹತ್ತಿರ ಹೆಸರು ಬರೆಸಿದೆ. ಓದು ಎಷ್ಟು ಅಂತ ಕೇಳಿದ. ಏಳನೇ ಕ್ಲಾಸು ಅಂದೆ. ಮೊದಲನೇ ಭಾಗ ಕೇಳದೆ ಎರಡನೆಯದಕ್ಕೆ ಬಂದರೆ ನಡೆಯುತ್ತದಾ ಅಂತ ನಾನೂ ಕೇಳಿದೆ. “ಡಿಗ್ರಿ ಬೇಡ ಅಂದೋರಿಗೆ ಹಿಂದು ಮುಂದು ಏನೈತೆ ಬಿಡಮ್ಮ” ಅಂದ. ನಮ್ಮ ಯಜಮಾನರಿಗೆ ಸುಳ್ಳು ಹೇಳಲಿಲ್ಲ. ಪಾಠಕ್ಕೆ ಹೋಗುತ್ತೇನೆ ಅಂದೆ. ಅವರು ಬಹಳ ದಿನದ ಮೇಲೆ ಜೋರಾಗಿ ನಕ್ಕರು.

ನೀನು ಕೇಳಿದ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ, ಬಾಕಿ ಇಟ್ಟುಕೊಳ್ಳುವವಳಲ್ಲ. ಅವತ್ತು ಪಾಠ ಮುಗಿಯುವ ತನಕ ಕೂತಿದ್ದೆ, ಯಾಕೆಂದರೆ ನನ್ನ ಕೈಯಲ್ಲಿ ಏನೂ ಕೆಲಸ ಇರಲಿಲ್ಲ, ಏಳು ಅಂತ ಯಾರೂ ಅನ್ನಲಿಲ್ಲ. ಮದುವೆಯಾದ ಮೇಲೆ ಹಾಗೆ ಕೂತದ್ದು ನೆನಪಿಲ್ಲ.

ಇದನ್ನು ಓದಿ ಅಕ್ಕ ಕರಗಿದಳು ಅಂದುಕೊಂಡೀಯ. ಮಗ್ಗದ ಮೇಲೆ ನಿನ್ನ ಜಾಗ ಹೋಯಿತು, ಅದು ಮತ್ತೆ ಸಿಗುವುದಿಲ್ಲ. ನಾನು ನಿನ್ನ ಜೊತೆ ಮಾತಾಡಲು ಬರುತ್ತಿಲ್ಲ, ನೀನೂ ಮಾತಾಡಿಸಬೇಡ. ಬಸ್ ಸ್ಟ್ಯಾಂಡಿನಲ್ಲಿ ಕಾಯುವುದು, ಟೀ ಕುಡಿತೀಯಾ ಅನ್ನುವುದು, ಇವೆಲ್ಲ ಬೇಡ. ಕಿಟಕಿ ಪಕ್ಕದ ಜಾಗ ಬಿಟ್ಟುಕೊಡು, ನನ್ನ ಕಣ್ಣಿಗೆ ಬೆಳಕು ಸಾಲುವುದಿಲ್ಲ. ನಾನು ಎದ್ದು ನಿಂತು ಕೇಳುವಾಗ ಕ್ಲಾಸಿನವರೆಲ್ಲ ಬೇಕಾದರೆ ನೋಡಲಿ, ನೀನೊಬ್ಬಳು ನನ್ನ ಮುಖ ನೋಡಬೇಡ. ನೋಡಿದರೆ ನನಗೆ ಮಾತು ಹೊರಡುವುದಿಲ್ಲ.

ರೇಣುಕಮ್ಮ